ಗುಡ್ಡ ಬಳಸುವ ಹಾದಿ

ಹೋದ ಡಿಸೆಂಬರಿನಲ್ಲಿ ನಮ್ಮ ಟೀಮಿನ ಗೆಳೆಯನೊಬ್ಬ ಊಟದ ಹೊತ್ತಿಗೆ ಫೋನು ತಂದು ನನ್ನ ತಟ್ಟೆಯ ಪಕ್ಕ ಇಟ್ಟ. ಅವನು ಮೈಸೂರು ಕಡೆಯವನು. ಅವನೂ ಅವನ ಭಾವನೂ ಸೇರಿ ಒಂದು ಕ್ಯಾಂಪರ್ ಟ್ರೇಲರ್ ಬಾಡಿಗೆಗೆ ಹಿಡಿದಿದ್ದರು. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಪುಟ್ಟ ಮನೆ ಅದು. ಒಳಗೆ ನಾಲ್ಕು ಜನ ಮಲಗಬಹುದು, ಒಂದು ಒಲೆ, ಒಂದು ಸಿಂಕು, ಹಿಂಬದಿಯಲ್ಲಿ ನೀರಿನ ಕ್ಯಾನುಗಳು. ಜನವರಿಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ ಬರುವ ಪ್ಲಾನು. ಚಿತ್ರದುರ್ಗ, ಹೊಸಪೇಟೆ ದಾಟಿ ಕುಷ್ಟಗಿವರೆಗೆ ಗೊಂದಲವಿಲ್ಲ. ಅಲ್ಲಿಂದ ಮ್ಯಾಪು ಎರಡು ಗೆರೆ ತೋರಿಸುತ್ತಿತ್ತು. ಒಂದು ಗಜೇಂದ್ರಗಡ, ರೋಣ ಹಿಡಿದು ಬಾದಾಮಿ. ಇನ್ನೊಂದು ಹೆದ್ದಾರಿ ಬಿಡದೆ ಇಳಕಲ್ಲು, ಹುನಗುಂದ ಮುಟ್ಟಿ, ಅಲ್ಲಿಂದ ಅಮೀನಗಡ, ಐಹೊಳೆ, ಪಟ್ಟದಕಲ್ಲು ಮೇಲೆ ಬಾದಾಮಿ.

"ನಿಮ್ಮೂರ ಕಡೆ ಅಲ್ವಾ, ಯಾವ್ದು ಒಳ್ಳೇದು ಹೇಳಪ್ಪ" ಅಂದ.

ನನ್ನೂರು ಹುನಗುಂದ ತಾಲ್ಲೂಕು. ಆದರೆ ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ನಾನು ಊರಿಗೆ ಹೋಗುವುದು ರಾತ್ರಿ ಬಸ್ಸಿನಲ್ಲಿ, ನಿದ್ದೆಯಲ್ಲಿ. ದಾರಿ ಗೊತ್ತಿರುವುದು ನಿಲ್ದಾಣಗಳ ಹೆಸರಾಗಿ ಮಾತ್ರ. ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಸ್ಪೀಕರಿಗೆ ಹಾಕಿ ಮುತ್ಯಾನ ಕಿವಿ ಹತ್ತಿರ ಹಿಡಿದರು. ಮುತ್ಯಾನಿಗೆ ತೊಂಬತ್ತರ ಹತ್ತಿರ, ಕಿವಿ ಮಂದ, ತಲೆ ಮಂದವಲ್ಲ.

"ಎತ್ತ ಯಾವ್ವು?" ಅಂತ ಮೊದಲು ಕೇಳಿದ.

"ಎತ್ತಲ್ಲ ಮುತ್ಯಾ, ಕಾರು ಜಗ್ಗತೈತಿ."

"ಕಾರಾದ್ರೇನು, ಜಗ್ಗೂದಂದ್ರ ಜಗ್ಗೂದ. ಹಿಂದ ಎಷ್ಟ ಭಾರ ಐತಿ? ಗುಡ್ಡ ಇಳಿಯೂದು ಎಲ್ಲಿ ಬರ್ತೈತಿ?"

ಗಮನಿಸಿ, ಅವನು ಏರುವುದನ್ನು ಕೇಳಲಿಲ್ಲ. ಇಳಿಯುವುದನ್ನು ಕೇಳಿದ. ಗೆಳೆಯನೂ ಅವನ ಭಾವನೂ ವಾರಗಟ್ಟಲೆ ಎಂಜಿನ್ನಿನ ಶಕ್ತಿ, ಟಾರ್ಕು ಅಂತ ಲೆಕ್ಕ ಹಾಕಿದ್ದರು. ಇಳಿಜಾರಿನಲ್ಲಿ ಒಂದು ಟನ್ ಮನೆ ಹಿಂದಿನಿಂದ ನೂಕಿದರೆ ಏನು ಮಾಡೋದು ಅನ್ನೋದು ಇಬ್ಬರಿಗೂ ಹೊಳೆದಿರಲಿಲ್ಲ. ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ಎರಡು ತಿಂಗಳು ಗೆಜೆಟಿಯರು, ಹಳೇ ನಕಾಶೆ ಅಂತ ಓದುತ್ತಾ ಕೂತೆ.

ನಮ್ಮ ಸೀಮೆಯಲ್ಲಿ ಎಳೆದುಕೊಂಡು ಹೋಗುವ ಮನೆ ಹೊಸದೇನಲ್ಲ. ಕೊಲ್ಲಾರಿ ಬಂಡಿ ಅಂತಾರೆ. ಚಕ್ಕಡಿಯ ಮೇಲೆ ಬಿದಿರಿನ ಕಮಾನು ಬಗ್ಗಿಸಿ, ಚಾಪೆ ಹೊದಿಸಿ, ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಸುತ್ತಿನ ಊರುಗಳಿಂದ ಇಂಥ ಬಂಡಿಗಳು ಸಾಲು ಹಿಡಿದು ಹೊರಡುತ್ತಿದ್ದವು. ರೊಟ್ಟಿ, ಶೇಂಗಾ ಹಿಂಡಿ, ಎಳ್ಳು ಹೋಳಿಗೆ, ಮಕ್ಕಳು, ಮುದುಕರು, ಎತ್ತಿನ ಮೇವು ಎಲ್ಲಾ ಅದರೊಳಗೇ. ಜಾತ್ರೆಯಲ್ಲಿ ಬಂಡಿ ಬಿಚ್ಚಿ, ಮೂಕಿ ನೆಲಕ್ಕೆ ಊರಿ, ಅದರ ಕೆಳಗೆ ಒಲೆ ಹೂಡಿದರೆ ಅದೇ ಮನೆ. ರಾತ್ರಿ ನಾಟಕ, ಹಗಲು ನಿದ್ದೆ. ಬನಶಂಕರಿ ಜಾತ್ರೆಯ ನಾಟಕಗಳು ಇವತ್ತಿಗೂ ತಿಂಗಳುಗಟ್ಟಲೆ ನಡೆಯುತ್ತವೆ. ನೋಡುವವರು ಮಾತ್ರ ಟೆಂಪೋದಲ್ಲಿ ಬರುತ್ತಾರೆ.

ಹುನಗುಂದದ ಕಡೆಯಿಂದ ಬಾದಾಮಿಗೆ ಬಂಡಿಯಲ್ಲಿ ಮೂರು ದಿನ. ಎತ್ತು ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುತ್ತೆ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಆದರೆ ಬಿಡಬೇಕು, ಇಲ್ಲಾ ಮಾರನೇ ದಿನ ಹೆಗಲು ಕೊಡಲ್ಲ. ನಡುವೆ ಮಲಪ್ರಭಾ ದಾಟಲೇಬೇಕು. ಆಚೆ ದಂಡೆಗೆ ಹೋದ ಮೇಲೆ ಗುಳೇದಗುಡ್ಡ, ಬಾದಾಮಿ ಸುತ್ತ ಮರಳುಗಲ್ಲಿನ ಗುಡ್ಡಗಳು. ಸಹ್ಯಾದ್ರಿ ನೋಡಿದವರಿಗೆ ಇವು ಗುಡ್ಡವೇ ಅಲ್ಲ. ಆದರೆ ತುದಿಯಲ್ಲಿ ಗೋಡೆಯ ಹಾಗೆ ನೇರ, ಬುಡದಲ್ಲಿ ಉರುಳಿದ ಬಂಡೆ. ಗಾಲಿಗೆ ಎತ್ತರಕ್ಕಿಂತ ಈ ಬಂಡೆಯೇ ಕಷ್ಟ.

ಬಂಡಿ ಗುಡ್ಡ ಹತ್ತಿ ಇಳಿಯುವ ಲೆಕ್ಕವನ್ನು ಮುತ್ಯಾ ನನಗೆ ಮೂರು ಸಲ ಹೇಳಿದ, ಮೂರನೇ ಸಲ ಅರ್ಥವಾಯಿತು. ಎರಡು ಗಾಲಿಯ ಬಂಡಿ ಅಚ್ಚಿನ ಮೇಲೆ ತಕ್ಕಡಿಯ ಹಾಗೆ ನಿಂತಿರುತ್ತೆ. ಭಾರ ಸ್ವಲ್ಪ ಮುಂದಿದ್ದರೆ ನೊಗ ಎತ್ತಿನ ಹೆಗಲ ಮೇಲೆ ಕೂಡುತ್ತೆ, ಹಿಡಿತ ಬರುತ್ತೆ. ಜಾಸ್ತಿ ಮುಂದಾದರೆ ಹೆಗಲು ಹುಣ್ಣು. ಹಿಂದಾದರೆ ಮೂಕಿ ಮೇಲೆದ್ದು ಕೊರಳ ಕೆಳಗಿನ ಪಟ್ಟಿ ಎತ್ತಿನ ಉಸಿರು ಹಿಡಿಯುತ್ತೆ. ಏರು ಬಂದಾಗ ಭಾರ ತಾನಾಗಿ ಹಿಂದಕ್ಕೆ ಜಾರುತ್ತೆ, ಆಗ ಮಕ್ಕಳನ್ನು ಮುಂದೆ ಕೂರಿಸಬೇಕು. ಇಳಿಯುವಾಗ ಎಲ್ಲರನ್ನೂ ಇಳಿಸಿ, ಹಿಂದೆ ಹಗ್ಗ ಕಟ್ಟಿ ನಾಲ್ಕು ಗಂಡಸರು ಹಿಡಿದು ಜಗ್ಗಬೇಕು, ಒಬ್ಬ ಕಲ್ಲು ಹಿಡಿದು ಗಾಲಿ ಪಕ್ಕ ನಡೆಯಬೇಕು. ಯಾಕಂದರೆ ಎತ್ತು ಎಳೆಯುವ ಪ್ರಾಣಿ, ತಡೆಯುವ ಪ್ರಾಣಿಯಲ್ಲ. ಬಂಡಿ ಹಿಂದಿನಿಂದ ಬಂದರೆ ಅದು ಓಡುತ್ತೆ.

ಗೆಳೆಯನ ಟ್ರೇಲರಿನ ಕೈಪಿಡಿ ತೆಗೆದು ನೋಡಿದೆ. ಒಟ್ಟು ತೂಕದಲ್ಲಿ ನೂರಕ್ಕೆ ಐದರಿಂದ ಏಳರಷ್ಟು ಭಾರ ಕಾರಿನ ಕೊಕ್ಕೆಯ ಮೇಲೆ ಕೂತಿರಬೇಕು, ಹಿಂದೆ ಭಾರವಾದರೆ ಟ್ರೇಲರು ಬಾಲ ಆಡಿಸುತ್ತೆ ಅಂತ ಬರೆದಿತ್ತು. ಮುತ್ಯಾ ಹೇಳಿದ್ದನ್ನೇ ಶೇಕಡಾ ಲೆಕ್ಕದಲ್ಲಿ ಬರೆದಿದ್ದರು.

ನೆಲದ ಲೆಕ್ಕ ಬೇರೆ. ಹೊಳೆಸಾಲಿನ ಎರೆಭೂಮಿ ಬೇಸಿಗೆಯಲ್ಲಿ ಟಾರ್ ರಸ್ತೆಯ ಹಾಗೆ ಗಟ್ಟಿ, ಒಂದು ಮಳೆಗೆ ಗಾಲಿಯನ್ನು ಗುಂಬದವರೆಗೆ ನುಂಗುತ್ತೆ. ಗುಡ್ಡದ ಬುಡದ ಗರಸು ನೆಲ ಮಳೆಯಲ್ಲೂ ನಡೆಯುತ್ತೆ, ಆದರೆ ಎತ್ತಿನ ಗೊರಸು ಸವೆಯುತ್ತೆ. ಹೊಳೆ ದಾಟುವಲ್ಲಿ ಉಸುಕು. ಹಾಗಾಗಿ ಒಂದೇ ಊರಿಗೆ ಶ್ರಾವಣಕ್ಕೊಂದು ದಾರಿ, ಪುಷ್ಯಕ್ಕೊಂದು ದಾರಿ. ದೊಡ್ಡ ಜಾತ್ರೆಗಳು ಬನದ ಹುಣ್ಣಿಮೆಯಿಂದ ಯುಗಾದಿಯೊಳಗೆ ತುಂಬಿಕೊಂಡಿರುವುದಕ್ಕೆ ಸುಗ್ಗಿ ಒಂದು ಕಾರಣ, ಒಣಗಿದ ಹಾದಿ ಇನ್ನೊಂದು ಕಾರಣ ಅಂತ ನನ್ನ ಅನಿಸಿಕೆ.

ಇಷ್ಟೆಲ್ಲ ಕಷ್ಟವಿದ್ದದ್ದರಿಂದಲೇ ಈ ಸೀಮೆಯ ಇತಿಹಾಸದ ಬಹುಪಾಲು ಸಾಗಾಣಿಕೆ ಗಾಲಿಯ ಮೇಲೆ ನಡೆದೇ ಇಲ್ಲ. ಬೆನ್ನಿನ ಮೇಲೆ ನಡೆದಿದೆ.

ಐಹೊಳೆಗೆ ಹೋದಾಗ ನೀವು ದುರ್ಗ ಗುಡಿಯ ಮುಂದೆ ಸೆಲ್ಫಿ ತೆಗೆದಿರುತ್ತೀರಿ. ಆ ಊರಿನ ಹೆಸರು ಹೊತ್ತ ವ್ಯಾಪಾರಿಗಳ ಸಂಘವೊಂದಿತ್ತು, ಅಯ್ಯಾವೊಳೆ ಐನೂರ್ವರು. ಅವರ ಶಾಸನಗಳು ಕರ್ನಾಟಕ, ಆಂಧ್ರ, ತಮಿಳುನಾಡಿನ ತುಂಬ ಸಿಗುತ್ತವೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಾರೂಸ್ ಹತ್ತಿರ 1088ರ ಒಂದು ತಮಿಳು ಶಾಸನವೂ ಅವರದೇ. 11ನೇ ಶತಮಾನದ ಶಿಕಾರಿಪುರ ಕಡೆಯ ಶಾಸನವೊಂದು ಅವರು ಮಾರುತ್ತಿದ್ದ ಸಾಮಾನು ಎಣಿಸುತ್ತೆ: ಆನೆ, ಕುದುರೆ, ರತ್ನ, ಏಲಕ್ಕಿ, ಗಂಧ ಹೀಗೆ. ಸಾಗಿಸುವುದಕ್ಕೆ ಅವರು ನಂಬಿದ್ದು ಕತ್ತೆ, ಕೋಣಗಳನ್ನು. ಇಡೀ ದಕ್ಷಿಣ ಭಾರತ ತಿರುಗಿದವರಿಗೆ ಗಾಲಿ ಗೊತ್ತಿರಲಿಲ್ಲ ಅಂತಲ್ಲ. ಗಾಲಿಗೆ ದಾರಿ ಬೇಕು, ಗೊರಸಿಗೆ ಬೇಡ. ಹೊರೆ ಹೊತ್ತ ಎತ್ತು ಮೆಟ್ಟಿಲು ಹತ್ತುತ್ತೆ, ಕಾಡಿನಲ್ಲಿ ನುಸುಳುತ್ತೆ, ಹೊಳೆಯಲ್ಲಿ ಈಜುತ್ತೆ.

ಸಾಲಾಗಿ ಹೋಗುವ ಇಂಥ ವ್ಯಾಪಾರಿ ತಂಡಕ್ಕೆ ಸಂಸ್ಕೃತದಲ್ಲಿ ಸಾರ್ಥ ಅಂತ ಹೆಸರು. ಭೈರಪ್ಪನವರ ಕಾದಂಬರಿ ಓದಿದವರಿಗೆ ಗೊತ್ತಿರುತ್ತೆ. ಪಾರಸಿಯಲ್ಲಿ ಅದೇ ಕಾರವಾನ್. ಅದು ಯುರೋಪಿಗೆ ಹೋಗಿ ಕ್ಯಾರವಾನ್ ಆಗಿ, ಇಂಗ್ಲಿಷಿನವರ ಬಾಯಲ್ಲಿ ತಲೆ ಕಡಿದುಕೊಂಡು ವ್ಯಾನ್ ಆಯಿತು. ನಮ್ಮಲ್ಲಿ ಅದಕ್ಕೆ ಇನ್ನೊಂದು ಪದ ಇದೆ, ದಿನಾ ಬಳಸುತ್ತೇವೆ, ಅರ್ಥ ಮರೆತಿದ್ದೇವೆ: ತಾಂಡಾ. ಲಂಬಾಣಿ ಜನರ ಊರಿಗೆ ಈಗ ತಾಂಡಾ ಅಂತೀವಿ. ಮೊದಲು ಅದು ಊರಲ್ಲ, ನಡೆಯುವ ಸಾಲು. ಸಾವಿರಾರು ಹೇರೆತ್ತು, ಅವುಗಳ ಜೊತೆ ಹೆಂಡತಿ ಮಕ್ಕಳು, ನಾಯಿ, ಮುಂದೆ ದಾರಿ ನಿರ್ಧರಿಸುವ ನಾಯಕ. 17ನೇ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ರತ್ನ ವ್ಯಾಪಾರಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತಿನ ಸಾಲುಗಳನ್ನು ನೋಡಿದ್ದಾಗಿ ಬರೆದಿದ್ದಾನೆ. ಇಕ್ಕಟ್ಟಿನ ದಾರಿಯಲ್ಲಿ ಇಂಥ ಸಾಲು ಎದುರು ಬಂದರೆ ಅದು ದಾಟುವ ತನಕ ಪ್ರಯಾಣಿಕರು ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೈಕೊಳ್ಳುವವರು ಇದನ್ನೊಮ್ಮೆ ನೆನಪಿಸಿಕೊಳ್ಳಬಹುದು.

ಒಂದು ಎತ್ತಿನ ಬೆನ್ನಿಗೆ ಹೆಚ್ಚೂಕಡಿಮೆ ಒಂದು ಕ್ವಿಂಟಲ್. ಅಂದರೆ ಜೋಡೆತ್ತಿನ ಬಂಡಿ ಎಳೆಯುವ ಭಾರ ಹೊರಲು ಎಂಟು ಹತ್ತು ಎತ್ತು ಬೇಕು. ದಡ್ಡತನದ ಲೆಕ್ಕ ಅನ್ನಿಸುತ್ತೆ. ಆದರೆ ಅವು ದಾರಿಯಲ್ಲೇ ಮೇಯುತ್ತವೆ, ಒಂದು ಸತ್ತರೆ ಒಂದು ಕ್ವಿಂಟಲ್ ಮಾತ್ರ ನಿಲ್ಲುತ್ತೆ, ಗುಡ್ಡ ಅಡ್ಡ ಬಂದರೆ ನೇರ ಹತ್ತುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ದೊಡ್ಡ ಸರ್ವರ್ ಬದಲು ನೂರು ಸಣ್ಣವು.

1800ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಆರ್ಥರ್ ವೆಲ್ಲೆಸ್ಲಿ ನಮ್ಮ ಮಲಪ್ರಭಾ ಸೀಮೆಗೆ ಬಂದಾಗ ಅವನ ಸೈನ್ಯದ ಅಕ್ಕಿ ನಡೆದದ್ದು ಇದೇ ಲಂಬಾಣಿಗಳ ಎತ್ತಿನ ಮೇಲೆ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಅಂದರೆ ಇವನೇ. ಜುಲೈ 30ಕ್ಕೆ ಮುನವಳ್ಳಿ ಹತ್ತಿರ ಧೋಂಡಿಯಾನ ಸಾಮಾನು ಸರಂಜಾಮಿನ ಬಿಡಾರ ಮಲಪ್ರಭಾ ದಂಡೆಯಲ್ಲಿ ಸಿಕ್ಕಿಬಿತ್ತು. ಹೊಳೆ ತುಂಬಿತ್ತು, ಭಾರದವರು ದಾಟಲಾಗಲಿಲ್ಲ. ಸೆಪ್ಟೆಂಬರ್ 10ಕ್ಕೆ ಧೋಂಡಿಯಾನೇ ಸತ್ತ. ವೆಲ್ಲೆಸ್ಲಿಯ ಆ ವರ್ಷದ ಪತ್ರಗಳಲ್ಲಿ ಶೌರ್ಯದ ಮಾತಿಗಿಂತ ಎತ್ತು, ಅಕ್ಕಿ, ಹರಿಗೋಲಿನ ಮಾತು ಜಾಸ್ತಿ.

ಬೆನ್ನ ಮೇಲೆ ಹೊರಲಾಗದ ಭಾರ ಬಂದಾಗ ಏನು ಮಾಡುತ್ತಿದ್ದರು? ಬಾದಾಮಿ ಸೀಮೆಯಲ್ಲಿ ಅದಕ್ಕೆ ಎರಡು ಒಳ್ಳೆಯ ಉದಾಹರಣೆ ಇವೆ, ಸಾವಿರ ವರ್ಷದ ಅಂತರದಲ್ಲಿ.

ಮೊದಲನೆಯದು ಕಲ್ಲು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ 740ರ ಆಸುಪಾಸಿನದು. ಮರಳುಗಲ್ಲು ಒಂದು ಘನ ಮೀಟರಿಗೆ ಎರಡು ಟನ್ನಿಗೂ ಮೇಲೆ ತೂಗುತ್ತೆ. ಈ ಕಲ್ಲು ತೆಗೆದ ಜಾಗ ಪಟ್ಟದಕಲ್ಲಿನ ಉತ್ತರಕ್ಕೆ ಗುಡ್ಡದಲ್ಲಿ ಸಿಕ್ಕಿದೆ, ಕೆಲಸ ಮಾಡಿದವರು ಬಂಡೆಯ ಮೇಲೆ ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಕಣಿ ಮೇಲೆ, ಗುಡಿ ಕೆಳಗೆ ಹೊಳೆ ದಂಡೆಯಲ್ಲಿ. ಅಂದರೆ ಕಲ್ಲು ಇಳಿದು ಬಂದಿದೆ, ಹತ್ತಿ ಹೋಗಿಲ್ಲ. ಬಾದಾಮಿಯಲ್ಲಿ ಗುಡ್ಡದ ಮೇಲೆ ದೇವರು ಬೇಕಾದಾಗ ಅವರು ಕಲ್ಲು ಸಾಗಿಸುವ ಗೋಜಿಗೇ ಹೋಗದೆ ಬಂಡೆಯನ್ನೇ ಕೊರೆದು ಗುಹೆ ಮಾಡಿದರು. ಗುಡ್ಡದ ಮೇಲೆ ಕಟ್ಟಿದ ಗುಡಿಗಳೂ ಇವೆ, ನಿಜ. ಅವುಗಳ ಕಲ್ಲು ಅಲ್ಲಿಯದೇ.

ಎರಡನೆಯದು ತೋಪು. 543ರಲ್ಲಿ ಪುಲಕೇಶಿ ಬಾದಾಮಿ ಗುಡ್ಡದ ಮೇಲೆ ಕೋಟೆ ಕಟ್ಟಿದಾಗ ಅದರ ಗಟ್ಟಿತನವೆಲ್ಲ ನಿಂತಿದ್ದು ಕಡಿದಾದ ಬಂಡೆಯ ಮೇಲೆ. 1786ರಲ್ಲಿ ಅದು ಟಿಪ್ಪುವಿನ ಕೈಯಲ್ಲಿದ್ದಾಗ ಮರಾಠರು ಮತ್ತು ನಿಜಾಮನ ಸೈನ್ಯ ಮೂರು ವಾರ ಗುಂಡು ಹೊಡೆದು, ಕೊನೆಗೆ ಏಣಿ ಹಾಕಿ ಹತ್ತಬೇಕಾಯಿತು. 1818ರ ಫೆಬ್ರುವರಿಯಲ್ಲಿ ಥಾಮಸ್ ಮನ್ರೋ ಬಂದ. ಧಾರವಾಡದ ಕಡೆಯಿಂದ ಗದಗು, ಡಂಬಳ, ಹುಬ್ಬಳ್ಳಿ ಮುಗಿಸಿಕೊಂಡು ಕೋಟೆ ಒಡೆಯುವ ತೋಪುಗಳ ಸಮೇತ. ಆ ಕಾಲದ 18 ಪೌಂಡು ಗುಂಡಿನ ತೋಪು ಒಂದಕ್ಕೇ ಎರಡು ಟನ್ ತೂಕ, ಎಳೆಯಲು ಸಾಲುಸಾಲು ಜೋಡಿ ಎತ್ತು. ಅಂಥದ್ದನ್ನು ಬಾದಾಮಿಗೆ ಹೇಗೆ ತಂದ ಅಂತ ನಕಾಶೆ ಹರಡಿಕೊಂಡು ಕೂತಾಗ ಉತ್ತರ ಸುಲಭವಾಗೇ ಇತ್ತು. ಬಾದಾಮಿಯ ಕೆರೆಗೆ ಮೂರು ಕಡೆ ಗುಡ್ಡ, ಪಡುವಣಕ್ಕೆ ಬಯಲು. ದಕ್ಷಿಣದ ಎರೆಭೂಮಿ ಫೆಬ್ರುವರಿಯಲ್ಲಿ ಒಣಗಿ ಕಲ್ಲಾಗಿರುತ್ತೆ, ಹೊಳೆ ಇಳಿದಿರುತ್ತೆ. ತೋಪಿಗೆ ಗುಡ್ಡ ಹತ್ತುವ ಅಗತ್ಯವೇ ಬರಲಿಲ್ಲ, ಕೆಳಗೆ ನಿಂತು ಹೊಡೆದರೆ ಸಾಕಿತ್ತು. ಬಾದಾಮಿ ಕೆಲವೇ ದಿನದಲ್ಲಿ ಬಿತ್ತು, ಅದರ ಬೆನ್ನಿಗೇ ಬಾಗಲಕೋಟೆಯೂ ಕೈ ಬದಲಾಯಿತು. ಸಾಹೇಬನ ಯುದ್ಧಕಲೆ ದೊಡ್ಡದಿರಬಹುದು. ಅವನು ಬಂದ ತಿಂಗಳೂ ಅಷ್ಟೇ ದೊಡ್ಡದು.

ಇಲ್ಲಿಂದ ಮುಂದಿನ ಕತೆ ಗಾಲಿಯದು. 19ನೇ ಶತಮಾನದ ಮೊದಲರ್ಧದವರೆಗೆ ಇಲ್ಲಿನ ಬಂಡಿಗಳು ಇಡಿ ಹಲಗೆಯ ಗಾಲಿಯ ಭಾರದ ಬಂಡಿಗಳು, ಹೊಲದಿಂದ ಕಣಕ್ಕೆ ಗೊಬ್ಬರ, ತೆನೆ ಸಾಗಿಸಲು ಆಗುವಂಥವು. ಅರ ಇರುವ, ಕಬ್ಬಿಣದ ಹಳಿ ಕಟ್ಟಿದ ಹಗುರ ಬಂಡಿ ಹರಡಿದ್ದು ಆಮೇಲೆ. ಹಗುರ ಬಂಡಿ ಬಂತು, ಮಣ್ಣಿನ ರಸ್ತೆ ಬಂತು, ಹತ್ತಿ ಬಂತು. ಧಾರವಾಡ ಸೀಮೆಯ ಹತ್ತಿ ಬಂಡಿಯ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಏಕಾಏಕಿ ನಮ್ಮ ಘಟ್ಟದ ಇಳಿಜಾರಿನ ಮೇಲೆ ಆಸಕ್ತಿ ಹುಟ್ಟಿತು. ಕಾರವಾರದ ಸದಾಶಿವಗಡದಲ್ಲಿ ಬಂದರು ಆಗಲಿ, ಅಲ್ಲಿಗೆ ಒಳ್ಳೆ ಘಟ್ಟದ ರಸ್ತೆ ಆಗಲಿ ಅಂತ ಒತ್ತಡ. 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಒಂದು ಜಿಲ್ಲೆ ರಾಜ್ಯ ಬದಲಾಯಿಸುವುದರ ಹಿಂದೆ ಹತ್ತಿಯ ಬಂಡಿ ಇತ್ತು.

ಹತ್ತಿ ಹೊರಗೆ ಹೋಗುವ ದಾರಿ ಇಷ್ಟು ಮುತುವರ್ಜಿಯಿಂದ ಹುಡುಕಿದರು. ಜೋಳ ಒಳಗೆ ಬರುವ ದಾರಿಯ ಪರೀಕ್ಷೆ 1876ರಲ್ಲಿ ಆಯಿತು. ನಮ್ಮ ಸೀಮೆ ಆಗ ಕಲಾದಗಿ ಜಿಲ್ಲೆ. ಮಳೆ ಹೋಯಿತು, ಹಿಂಗಾರೂ ಹೋಯಿತು. ಹತ್ತಿರದ ರೈಲು ಅಂದರೆ ಉತ್ತರಕ್ಕೆ ಸೊಲ್ಲಾಪುರ, ಪೂರ್ವಕ್ಕೆ ಬಳ್ಳಾರಿ. ಸೊಲ್ಲಾಪುರದಿಂದ ಬಾಗಲಕೋಟೆಗೆ ಸುಮಾರು 180 ಕಿಲೋಮೀಟರ್, ನಡುವೆ ಭೀಮಾ, ಕೃಷ್ಣಾ ಎರಡು ಹೊಳೆ.

ಇಲ್ಲೊಂದು ಲೆಕ್ಕ ಹಾಕಿ ನೋಡೋಣ, ನನ್ನದೇ ಲೆಕ್ಕ. ಬಂಡಿಗೆ ಎಂಟು ಕ್ವಿಂಟಲ್ ಜೋಳ. ಹೋಗಲು ಒಂಬತ್ತು ದಿನ, ಖಾಲಿ ಬಂಡಿ ತಿರುಗಿ ಹೋಗಲು ಎಂಟು ದಿನ. ಒಳ್ಳೆಯ ವರ್ಷದಲ್ಲಿ ಎತ್ತು ದಾರಿಯಲ್ಲಿ ಮೇಯುತ್ತೆ, ಹಳ್ಳದಲ್ಲಿ ಕುಡಿಯುತ್ತೆ. ಬರದಲ್ಲಿ ದಾರಿಯಲ್ಲಿ ಒಂದು ಗರಿ ಹುಲ್ಲಿಲ್ಲ. ಜೋಡೆತ್ತಿಗೆ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋ ಒಣಮೇವು. ಹದಿನೇಳು ದಿನಕ್ಕೆ ಸುಮಾರು ಮೂರು ಕ್ವಿಂಟಲ್. ಅಂದರೆ ಬಂಡಿಯ ಮೂರನೇ ಒಂದು ಪಾಲಿಗೂ ಜಾಸ್ತಿ ಎತ್ತಿನ ಹೊಟ್ಟೆಗೇ ಹೊರಬೇಕು. ರಾಕೆಟ್ ತನ್ನ ಇಂಧನದ ಭಾರವನ್ನೇ ಹೊತ್ತು ಏರುವ ಸಮಸ್ಯೆ ಓದಿದ್ದೀರಲ್ಲ, ಅದೇ ಇದು. ಆ ಮೇವನ್ನು ಕೊಳ್ಳುವುದೆಲ್ಲಿ? ಮೇವಿಲ್ಲದ ಕಡೆ ಎತ್ತೇ ಉಳಿಯಲಿಲ್ಲ. ಎತ್ತಿಲ್ಲದ ಮೇಲೆ ಬಂಡಿ ಇದ್ದೇನು, ದಾರಿ ಇದ್ದೇನು. ಕರಾವಳಿಯಿಂದ ಬರಬೇಕಾದ ಧಾನ್ಯಕ್ಕೆ ಇದರ ಮೇಲೆ ಘಟ್ಟ ಬೇರೆ.

1872ರ ಜನಗಣತಿಯಲ್ಲಿ ಎಂಟು ಲಕ್ಷದ ಮೇಲಿದ್ದ ಈ ಜಿಲ್ಲೆಯ ಜನ 1881ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗೆ ಬಂದರು. ಎಲ್ಲರೂ ಸತ್ತರು ಅಂತಲ್ಲ, ಗುಳೆ ಹೋದವರೂ ಇದ್ದಾರೆ. ನಮ್ಮ ಮನೆತನದ ಒಂದು ಕವಲು ಆಗ ನಿಜಾಮನ ಸೀಮೆಗೆ ಹೋದದ್ದು ತಿರುಗಿ ಬರಲಿಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಯಾವ ಊರು ಅಂತ ಯಾರಿಗೂ ನೆನಪಿಲ್ಲ.

ಈ ಬರದ ನಂತರವೇ ಸರ್ಕಾರಕ್ಕೆ ರೈಲಿನ ಅವಸರ ಬಂದದ್ದು. 1884ರ ಹೊತ್ತಿಗೆ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ಮೇಲೆ ಗದಗಿಗೆ ಮೀಟರ್‌ಗೇಜ್ ಹಳಿ ಬಿತ್ತು. ಬಾದಾಮಿಗೆ ರೈಲಿನಲ್ಲಿ ಹೋದವರು ಒಂದು ಮಾತು ಗೊಣಗಿಯೇ ಇರುತ್ತೀರಿ: ಸ್ಟೇಷನ್ನು ಊರಿಂದ ಐದು ಕಿಲೋಮೀಟರ್ ದೂರ ಯಾಕೆ? ಎಂಜಿನ್ನಿಗೂ ಎತ್ತಿನ ಸಮಸ್ಯೆಯೇ ಇತ್ತು, ಅದೂ ಗುಡ್ಡ ಬಳಸಿಕೊಂಡೇ ಹೋಯಿತು. 1888ರಲ್ಲಿ ಮಾರ್ಮಗೋವಾಕ್ಕೆ ಘಟ್ಟದ ರೈಲು ಇಳಿದ ಮೇಲೆ ಕುಮಟಾದ ಹತ್ತಿ ಬಂಡಿಗಳ ಸದ್ದು ಅಡಗಿತು.

ರೈಲು ಬಂದರೂ ನಮ್ಮ ಹಳ್ಳಿಗಳ ಜಾತ್ರೆ ಬಂಡಿ ನಿಲ್ಲಲಿಲ್ಲ. ಹುನಗುಂದಕ್ಕೆ ಇವತ್ತಿಗೂ ರೈಲಿಲ್ಲ. ಹಾಗಾಗಿ ಈ ಕತೆ ನಮ್ಮ ಮನೆಯೊಳಗೂ ಬರುತ್ತೆ.

ಮುತ್ಯಾನ ಅಣ್ಣನನ್ನು ನಾವು ದೊಡ್ಡ ಮುತ್ಯಾ ಅಂತೀವಿ. ನಾನು ನೋಡಿಲ್ಲ. ಅಪ್ಪ ಇನ್ನೂ ಶಾಲೆಗೆ ಸೇರದ ಕಾಲ, ಒಂದು ಬನದ ಹುಣ್ಣಿಮೆ. ನಾಲ್ಕು ಬಂಡಿ ಹೊರಟಿದ್ದವು. ಎರಡನೇ ದಿನ ನಮ್ಮ ಬಂಡಿಯ ಗಾಲಿಯ ಹಳಿ ಸಡಲಿ, ಕಮ್ಮಾರನ ಹತ್ತಿರ ಕಾಯಿಸಿ ಕಟ್ಟಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಉಳಿದ ಮೂರು ಬಂಡಿ ಮುಂದೆ ಹೋಗಿಬಿಟ್ಟವು. ಬಳಸು ದಾರಿ ಹಿಡಿದರೆ ತೇರು ತಪ್ಪುತ್ತೆ. ಗುಡ್ಡದ ನಡುವೆ ಹೇರೆತ್ತು ಹಾಯುವ ಹಾದಿಯೊಂದು ದೊಡ್ಡ ಮುತ್ಯಾನಿಗೆ ಗೊತ್ತಿತ್ತು, ಉಪ್ಪು ಮಾರುವವರು ಓಡಾಡುತ್ತಿದ್ದದ್ದು. ಆಯಿ ಬೇಡ ಅಂದಳಂತೆ. "ಹೇರ ಹಾದಿ ಬಂಡಿ ಹಾದಿ ಅಲ್ರೀ" ಅಂದಳಂತೆ. ಅವನು ಕೇಳಲಿಲ್ಲ.

ಏರಿದ್ದು ಸಲೀಸಾಯಿತು. ಅದೇ ಮೋಸ. ಇಳಿಯುವಾಗ ಹಿಂದೆ ಹಗ್ಗ ಹಿಡಿಯಲು ಇದ್ದವರು ಇಬ್ಬರೇ, ಒಬ್ಬ ನಮ್ಮ ಮುತ್ಯಾ. ಹಗ್ಗ ಕೈಯಲ್ಲಿ ಜಾರಿತು. ಬಂಡಿ ನೂಕಿತು, ಎತ್ತು ಓಡಿದವು, ಬಲಗಡೆಯ ಎತ್ತಿನ ಮುಂಗಾಲು ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿ ಮುರಿಯಿತು. ಜನ ಎಲ್ಲ ಇಳಿದಿದ್ದರು, ಯಾರಿಗೂ ಏನೂ ಆಗಲಿಲ್ಲ. ಎತ್ತು ಸಾಲ ತಂದದ್ದು. ಕಿಲಾರಿ. ಅದನ್ನು ಅಲ್ಲೇ ಬಿಡಬೇಕಾಯಿತು. ಬಂಡಿಯೊಳಗಿನ ನುಗ್ಗಾದ ಸಾಮಾನು ತಲೆ ಮೇಲೆ ಹೊತ್ತು, ಉಳಿದ ಒಂದು ಎತ್ತು ಹಿಡಿದುಕೊಂಡು ಕೆಳಗಿನ ಊರಿಗೆ ನಡೆದರು. ಸಾಲ ತೀರಿಸಲು ಮೂರು ಸುಗ್ಗಿ ಬೇಕಾಯಿತು. ದೊಡ್ಡ ಮುತ್ಯಾ ಆಮೇಲೆ ಬಾರಕೋಲು ಹಿಡಿಯಲೇ ಇಲ್ಲವಂತೆ, ಬಂಡಿ ಹೊಡೆಯುವ ಕೆಲಸ ನಮ್ಮ ಮುತ್ಯಾನಿಗೆ ಬಂತು. ಅದಕ್ಕೇ ಅವನು ಇಳಿಜಾರನ್ನು ಮೊದಲು ಕೇಳಿದ್ದು.

ಬ್ರಿಟಿಷರ ಕಾಲದಿಂದ ಬಂದ ಸರ್ವೆ ನಕಾಶೆಗಳ ಮೂಲೆಯಲ್ಲಿ ಗುರುತುಗಳ ಪಟ್ಟಿ ಇರುತ್ತೆ. ಅಲ್ಲಿ ಬಂಡಿದಾರಿಗೆ ಒಂದು ಗೆರೆ, ಹೇರೆತ್ತಿನ ದಾರಿಗೆ ಬೇರೆ ಗೆರೆ, ಕಾಲುದಾರಿಗೆ ಇನ್ನೊಂದು. ಆಯಿ ಹೇಳಿದ ಮಾತು ಅಲ್ಲಿ ಅಚ್ಚಾಗಿತ್ತು. ನನ್ನ ಫೋನಿನ ಮ್ಯಾಪಿಗೆ ಈ ಭೇದವಿಲ್ಲ. ಅದಕ್ಕೆ ಗೊತ್ತಿರುವುದು ದೂರ ಮತ್ತು ಸಮಯ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಸುಮಾರು ಐದು ಕಿಲೋಮೀಟರ್, ರಸ್ತೆಯಲ್ಲಿ ಹದಿನಾಲ್ಕು. ಎರಡೂ ಸರಿಯಾದ ದಾರಿಯೇ, ಯಾರು ಹೋಗುತ್ತಿದ್ದಾರೆ ಅನ್ನೋದರ ಮೇಲೆ.

ನಮ್ಮೂರ ಬಂಡಿದಾರಿ ಇನ್ನೂ ಇದೆಯಾ ಅಂತ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರುಗಳನ್ನು ಹಿಡಿದು ಹುಡುಕಿದೆ. ಕಾಗದದ ಗ್ರಾಮ ನಕಾಶೆಯಲ್ಲಿ ಊರಿನ ಪಶ್ಚಿಮಕ್ಕೆ ಜೋಡಿ ಚುಕ್ಕೆ ಗೆರೆ ಹಳ್ಳದವರೆಗೂ ಇದೆ. ಸಂಕ್ರಾಂತಿಗೆ ಹೋದಾಗ ನಡೆದು ನೋಡಿದೆ. ಮುನ್ನೂರು ಹೆಜ್ಜೆ ಇತ್ತು, ಆಮೇಲೆ ಕಡಲೆ ಹೊಲ. ಹೊಲದವರು ಕಾಕಾ ವರಸೆಯವರು, ಏನೂ ಕೇಳಲಿಲ್ಲ ನಾನು. ಕೃಷ್ಣಾ ದಂಡೆಯ ಊರವರಿಗೆ ಆ ಮುನ್ನೂರು ಹೆಜ್ಜೆಯೂ ಇಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಊರು, ದಾರಿ ಎಲ್ಲ ಒಟ್ಟಿಗೇ ಹೋದವು. ಹಳೇ ಬಾಗಲಕೋಟೆಯ ಅರ್ಧ ನೀರಾಗಿ, ನವನಗರ ಎದ್ದದ್ದು ನಿಮಗೆ ಗೊತ್ತೇ ಇದೆ.

ಗೆಳೆಯನಿಗೆ ಇಳಕಲ್ಲು, ಹುನಗುಂದದ ದಾರಿ ಹೇಳಿದೆ. ಬಳಸು, ಆದರೆ ಅಮೀನಗಡದವರೆಗೆ ಅಗಲ ರಸ್ತೆ, ಆಮೇಲೆ ಹೊಳೆಸಾಲು ಹಿಡಿದರೆ ದೊಡ್ಡ ಇಳಿಜಾರಿಲ್ಲ. ಜನವರಿ, ಮಳೆಯ ಭಯವಿಲ್ಲ. ಇಳಿಜಾರು ಬಂದಲ್ಲಿ ಬ್ರೇಕ್ ಒತ್ತಿಕೊಂಡೇ ಹೋಗಬೇಡ, ಮೊದಲೇ ಸಣ್ಣ ಗೇರಿಗೆ ಬಂದು ಎಂಜಿನ್ನಿಗೇ ತಡೆಯಲು ಬಿಡು ಅಂದೆ. ಅವನು ಗಜೇಂದ್ರಗಡದ ದಾರಿ ಒಂದು ಗಂಟೆ ಉಳಿಸುತ್ತಲ್ವಾ ಅಂತ ಒಮ್ಮೆ ಕೇಳಿದ. ಎತ್ತಿನ ಕತೆ ಹೇಳಿದೆ. ಸುಮ್ಮನಾದ.

ಹೋಗುವಾಗ ನಮ್ಮೂರಿಗೆ ಬಂದು ಊಟ ಮಾಡಿಕೊಂಡು ಹೋದರು. ನಾನೂ ಅಲ್ಲಿದ್ದೆ. ಓಣಿಯ ಹುಡುಗರೆಲ್ಲ ಟ್ರೇಲರಿನೊಳಗೆ ಹೋಗಿ ಬಂದರು. ಮುತ್ಯಾ ಕೋಲು ಊರಿಕೊಂಡು ಬಂದು, ಒಳಗೆ ಇಣುಕಲೂ ಇಲ್ಲ, ನೇರ ಕೊಕ್ಕೆಯ ಹತ್ತಿರ ಹೋದ. ಕಾರಿನಿಂದ ಬಿಚ್ಚಿ ನಿಲ್ಲಿಸಿದ್ದರು. ಮುಂದಿನ ಕಬ್ಬಿಣದ ಮೂತಿಗೆ ಕೈ ಹಾಕಿ ಎತ್ತಿ ನೋಡಿದ. ತೊಂಬತ್ತರ ಮುದುಕ ಒಂದೇ ಕೈಯಲ್ಲಿ ಎತ್ತಿದರೆ ಎದ್ದುಬಿಟ್ಟಿತು.

"ಹಿಂಭಾರ ಐತಿ ತಮ್ಮಾ" ಅಂದ ನನ್ನ ಗೆಳೆಯನಿಗೆ. "ಆ ನೀರಿನ ಡಬ್ಬಿ ಮುಂದ ತಗೋ."

ಗೆಳೆಯನೂ ಅವನ ಭಾವನೂ ನಾಲ್ಕು ಕ್ಯಾನು ನೀರು ಹೊತ್ತು ಮುಂದೆ ತಂದು ಕಟ್ಟಿದರು. ಮುತ್ಯಾ ಮತ್ತೊಮ್ಮೆ ಎತ್ತಿ ನೋಡಿದ. ಏಳಲಿಲ್ಲ. ಕೈ ಕೊಡವಿಕೊಂಡು ಕಟ್ಟೆಗೆ ಹೋಗಿ ಕೂತ.